ಎಲೆ ಮೇಲಿನ ಬಿಳಿ ಎಲ್ಲಾ ಒಂದೇ ಅಲ್ಲ

ಯಲಹಂಕದಿಂದ ಉತ್ತರಕ್ಕೆ ನಮ್ಮ ಒಂದೂವರೆ ಎಕರೆ ಜಮೀನಿದೆ. ಅರ್ಧ ಎಕರೆ ಬೆಂಗಳೂರು ನೀಲಿ ದ್ರಾಕ್ಷಿ, ಹತ್ತು ಗುಂಟೆ ದಿಲ್‌ಖುಷ್ ದ್ರಾಕ್ಷಿ, ಉಳಿದದ್ದರಲ್ಲಿ ಹೀರೆ, ಸೌತೆ, ಬದುವಿನಲ್ಲಿ ಪಪ್ಪಾಯ, ಒಂದಿಷ್ಟು ಸೀಬೆ ಗಿಡ. ಸುತ್ತ ಲೇಔಟ್ ಬಂದಿದೆ. ತೋಟ ಮಾತ್ರ ಇನ್ನೂ ಉಳಿದಿದೆ.

ಈ ತೋಟದಲ್ಲಿ ನಾನು ಎರಡು ದೊಡ್ಡ ತಪ್ಪು ಮಾಡಿದ್ದೇನೆ. ಎರಡೂ ಬಿಳಿ ಬಣ್ಣ ನೋಡಿ ಮಾಡಿದ ತಪ್ಪು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದಿದವರಲ್ಲಿ ಒಬ್ಬರಾದರೂ ನನ್ನ ಹಾಗೆ ದುಡ್ಡು ಸುರಿಯದೇ ಇದ್ದರೆ ಸಾಕು.

ಮೊದಲನೆಯದು ದಿಲ್‌ಖುಷ್‌ನಲ್ಲಿ. ಅಕ್ಟೋಬರದಲ್ಲಿ ಸವರಿ, ಚಿಗುರು ಮೊಳಕಾಲುದ್ದ ಬಂದಿತ್ತು. ಹಿಂಗಾರು ಮಳೆ ಬಿಟ್ಟೂ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಎಲೆಯಲ್ಲೆಲ್ಲಾ ಬಿಳಿ. ಅಂಗಡಿಗೆ ಓಡಿದೆ. ‘ಎಲೆಗೆ ಬಿಳಿ ಬಂದಿದೆ’ ಅಂದೆ. ‘ಬೂದಿ ರೋಗ, ಗಂಧಕ ಹೊಡೀರಿ’ ಅಂದರು. ತಂದು ಹೊಡೆದೆ. ನಾಲ್ಕು ದಿನ ಬಿಟ್ಟು ಮತ್ತೆ ಹೊಡೆದೆ. ಬಿಳಿ ನಿಲ್ಲಲಿಲ್ಲ. ಹೂಗೊಂಚಲಿಗೂ ಇಳಿಯಿತು. ಗೊಂಚಲು ಕಂದಾಗಿ ಒಣಗಿ ಉದುರಿದವು. ಆ ಸಲ ದಿಲ್‌ಖುಷ್ ಮನೆ ಮಂದಿ ತಿನ್ನುವಷ್ಟೂ ಸಿಗಲಿಲ್ಲ. ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ. ನಾನು ಎಲೆ ಕಿತ್ತುಕೊಂಡು ಹೋಗಿರಲಿಲ್ಲ. ಎಲೆ ತಿರುಗಿಸಿಯೂ ನೋಡಿರಲಿಲ್ಲ. ಬಂದಿದ್ದದ್ದು ಬೂದಿ ಅಲ್ಲ, ಬೂಜು ತುಪ್ಪಟ.

ಎರಡನೆಯ ತಪ್ಪನ್ನು ಆಮೇಲೆ ಹೇಳುತ್ತೇನೆ. ಅದು ಇದಕ್ಕಿಂತ ನಾಚಿಕೆಗೇಡು.

ಮೂರು ಬಿಳಿ, ಮೂರು ಗುರುತು

ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿಳಿ ಮೂರು ಬಗೆ. ಗುರುತು ಹಿಡಿಯಲು ಕಣ್ಣು, ಬೆರಳು ಸಾಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಭೂತಗನ್ನಡಿ ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಒಂದು, ಬೂದಿ ರೋಗ. ಇದು ಹೆಚ್ಚಾಗಿ ಎಲೆಯ ಮೇಲ್ಭಾಗದಲ್ಲಿ ಬರುತ್ತದೆ. ಒಲೆ ಬೂದಿ ಉದುರಿಸಿದ ಹಾಗೆ ಇರುತ್ತದೆ. ಬೆರಳಿನಿಂದ ಒರೆಸಿದರೆ ಬರುತ್ತದೆ, ಕೆಳಗೆ ಎಲೆ ಇನ್ನೂ ಹಸಿರಾಗಿರುತ್ತದೆ. ಇದಕ್ಕೆ ಮಳೆ ಬೇಕಿಲ್ಲ. ಒಣ ಹವೆ, ತಂಪು ರಾತ್ರಿ, ದಟ್ಟ ನೆರಳು ಇದ್ದರೆ ಸಾಕು. ಜೋರು ಮಳೆ ಬಂದರೆ ಇದು ತೊಳೆದು ಹೋಗುವುದೂ ಉಂಟು.

ಎರಡು, ಬೂಜು ತುಪ್ಪಟ ರೋಗ. ಇದರ ಬಿಳಿ ಎಲೆಯ ಅಡಿಯಲ್ಲಿ. ಮೇಲುಗಡೆ ನೋಡಿದರೆ ಎಣ್ಣೆ ಬಿದ್ದ ಹಾಗೆ ಹಳದಿ ಮಚ್ಚೆ. ತಿರುಗಿಸಿದರೆ ಅದೇ ಮಚ್ಚೆಯ ಕೆಳಗೆ ಹತ್ತಿಯ ತುಪ್ಪಟ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಚೆನ್ನಾಗಿ ಕಾಣುತ್ತದೆ. ಹೀರೆ, ಸೌತೆಯಲ್ಲಿ ಹಳದಿ ಮಚ್ಚೆ ನರಗಳ ನಡುವೆ ಸಿಕ್ಕಿಕೊಂಡು ಮೂಲೆ ಮೂಲೆಯಾಗಿರುತ್ತದೆ, ಅಡಿಯ ತುಪ್ಪಟ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೆ ಎಲೆ ಒದ್ದೆಯಾಗಿರಲೇಬೇಕು.

ಮೂರು, ಹಿಟ್ಟು ತಿಗಣೆ. ಇದು ರೋಗವೇ ಅಲ್ಲ, ಕೀಟ. ಗೆಣ್ಣಿನ ಸಂದಿ, ಎಲೆ ನರದ ಪಕ್ಕ, ಗೊಂಚಲಿನ ಒಳಗೆ, ತೊಗಟೆಯ ಅಡಿಯಲ್ಲಿ ಗುಂಪಾಗಿ ಕೂತಿರುತ್ತದೆ. ಉಗುರಿನಿಂದ ಜಜ್ಜಿದರೆ ರಸ ಬರುತ್ತದೆ. ದ್ರಾಕ್ಷಿಯ ಗುಲಾಬಿ ಹಿಟ್ಟು ತಿಗಣೆ ಜಜ್ಜಿದರೆ ಗುಲಾಬಿ, ಪಪ್ಪಾಯದ್ದು ಜಜ್ಜಿದರೆ ಹಳದಿ. ಎಲೆ ಅಂಟಂಟು, ಅದರ ಮೇಲೆ ಕಾಡಿಗೆ ಬಳಿದಂತೆ ಕಪ್ಪು, ಗಿಡದ ಬುಡದಿಂದ ಇರುವೆ ಸಾಲು, ಇವು ಮೂರೂ ಇದ್ದರೆ ತಿಗಣೆಯಂಥ ರಸ ಹೀರುವ ಕೀಟ ಇದೆ ಎಂದೇ ಅರ್ಥ. ಆ ಕಪ್ಪಿಗೆ ಬೇರೆ ಮದ್ದು ಹುಡುಕಬೇಡಿ. ಅದು ಕೀಟ ಬಿಟ್ಟ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ತಿಗಣೆ ಹೋದರೆ ಅದೂ ಹೋಗುತ್ತದೆ.

ಮೂರಕ್ಕೂ ಮದ್ದು ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಬೂಜಿಗೆ ತಾಮ್ರ ಯಾಕೆ, ಗಂಧಕ ಯಾಕಲ್ಲ

ಬೂಜು ತುಪ್ಪಟ ತರುವ ಜೀವಿ ನಿಜವಾದ ಶಿಲೀಂಧ್ರ ಅಲ್ಲ ಅಂತ ಈಗ ವಿಜ್ಞಾನಿಗಳು ಹೇಳುತ್ತಾರೆ. ನೋಡಲು ಬೂಷ್ಟಿನ ಹಾಗಿದ್ದರೂ ಅದರ ನೆಂಟಸ್ತನ ನೀರಿನ ಪಾಚಿಯ ಕಡೆಗೆ. ಅದರ ಬೀಜಾಣು ಎಲೆ ಮೇಲಿನ ನೀರಿನಲ್ಲಿ ಈಜಿಕೊಂಡು ಹೋಗಿ ಎಲೆಯ ಬಾಯಿಯೊಳಗೆ ನುಗ್ಗುತ್ತದೆ. ಅದಕ್ಕೇ ಒದ್ದೆ ಬೇಕು. ಮಲೆನಾಡಿನವರ ಅಡಿಕೆ ಕೊಳೆರೋಗದ ಜೀವಿಯೂ ಇದೇ ವಂಶ. ಎರಡಕ್ಕೂ ಬೋರ್ಡೋ ದ್ರಾವಣವೇ ಮದ್ದಾಗಿರುವುದು ಇದರಿಂದ. ಗಂಧಕ ಬೂದಿ ರೋಗವನ್ನು ಹಿಡಿಯುತ್ತದೆ, ಬೂಜನ್ನು ಹಿಡಿಯುವುದಿಲ್ಲ. ನನ್ನ ದುಡ್ಡು ನೀರಿಗೆ ಹೋದದ್ದು ಹೀಗೆ.

ಬೋರ್ಡೋ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಬೂಜು ರೋಗ ಅಮೆರಿಕದಿಂದ ಫ್ರಾನ್ಸಿಗೆ ಹೋಗಿದ್ದು 1878ರ ಸುಮಾರಿಗೆ. ಅಲ್ಲಿನ ತೋಟಗಳು ಬೆತ್ತಲಾಗತೊಡಗಿದವು. ಬೋರ್ಡೋ ಪಟ್ಟಣದ ಹತ್ತಿರ ದಾರಿಹೋಕರು ಹಣ್ಣು ಕೀಳಬಾರದೆಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ನೋಡಿದಾಗ ಒಳಗಿನ ಬಳ್ಳಿಗಳ ಎಲೆ ಉದುರಿತ್ತು, ರಸ್ತೆ ಬದಿಯವು ಹಸಿರಾಗಿದ್ದವು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಹಾಕಿದ್ದು ರೋಗಕ್ಕೆ ಆಯಿತು.

ನಮ್ಮ ಹೆಬ್ಬಾಳಕ್ಕೂ ಇದಕ್ಕೂ ನಂಟಿದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿ ಮಹಾರಾಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು, ಅಲ್ಲಿ ಕೃಷಿ ಪ್ರಯೋಗ ಶುರುವಾಯಿತು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದು ಅಡಿಕೆ ಕೊಳೆರೋಗದ ಹಿಂದೆ ಬಿದ್ದು, 1910ರಲ್ಲಿ ಅದರ ಬಗ್ಗೆ ಬರೆದು, ಬೋರ್ಡೋ ಸಿಂಪಡಣೆಯನ್ನು ತೋಟಗಳಿಗೆ ತಂದರು. ಇವತ್ತು ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯುತ್ತಾರಲ್ಲ, ಅದರ ಬೇರು ಅಲ್ಲಿದೆ. ‘ಮುಂಚೆ’ ಅನ್ನುವ ಮಾತು ಮುಖ್ಯ. ತಾಮ್ರ ಎಲೆ ಮೇಲೆ ಕಾವಲು ನಿಲ್ಲುತ್ತದೆ. ರೋಗ ಒಳಗೆ ಹೋದ ಮೇಲೆ ಅದನ್ನು ಹೊರಗೆಳೆಯುವ ಶಕ್ತಿ ಅದಕ್ಕಿಲ್ಲ.

ಬೋರ್ಡೋ ಮಾಡುವ ಕ್ರಮ

ಶೇ. 1ರ ದ್ರಾವಣಕ್ಕೆ ಲೆಕ್ಕ ಸುಲಭ. ಮೈಲುತುತ್ತ 1 ಕಿಲೋ, ಒಳ್ಳೆ ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರ್. ಸಣ್ಣ ತೋಟಕ್ಕಾದರೆ 100 ಗ್ರಾಂ, 100 ಗ್ರಾಂ, 10 ಲೀಟರ್. ಎಳೆ ಚಿಗುರಿಗೆ ನಾನು ಇದರ ಅರ್ಧ ಬಲದ್ದು ಬಳಸುತ್ತೇನೆ. ಇಲ್ಲದಿದ್ದರೆ ಮೋಡ ಮುಚ್ಚಿದ ತಂಪು ದಿನಗಳಲ್ಲಿ ಎಲೆ ಅಂಚು ಸುಡುತ್ತದೆ.

ಪ್ಲಾಸ್ಟಿಕ್ ಡ್ರಮ್ಮು ಬೇಕು. ಕಬ್ಬಿಣದ್ದು, ತಗಡಿನದು ಬೇಡ. ಅರ್ಧ ನೀರಿನಲ್ಲಿ ಮೈಲುತುತ್ತ ಕರಗಿಸಿ. ಹಿಂದಿನ ರಾತ್ರಿ ಗೋಣಿ ಚೂರಿನಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಇಳಿಬಿಟ್ಟರೆ ತಾನೇ ಕರಗಿರುತ್ತದೆ. ಇನ್ನರ್ಧ ನೀರಿನಲ್ಲಿ ಸುಣ್ಣ ಅರಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಎರಡನ್ನೂ ಒಟ್ಟೊಟ್ಟಿಗೆ ಮೂರನೇ ಡ್ರಮ್ಮಿಗೆ ಹುಯ್ಯುತ್ತಾ ಒಬ್ಬರು ಕೋಲಿನಿಂದ ತಿರುಗಿಸುತ್ತಿರಬೇಕು. ಇಬ್ಬರೇ ಇದ್ದರೆ ಸುಣ್ಣದ ನೀರಿಗೆ ತುತ್ತದ ನೀರು ಹಾಕಿ. ತುತ್ತಕ್ಕೆ ಸುಣ್ಣ ಹಾಕಬೇಡಿ.

ಆಮೇಲೆ ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿ. ಕೆಂಪು ಹತ್ತದಿದ್ದರೆ ಹೊಡೆಯಬಹುದು. ಹಳೇ ಸುಣ್ಣ, ಹುಡಿಯಾದ ಸುಣ್ಣ ತಂದವರಿಗೇ ಈ ತೊಂದರೆ ಹೆಚ್ಚು. ಮಾಡಿದ ದಿನವೇ ಮುಗಿಸಿ. ನಾಳೆಗೆ ಇಟ್ಟದ್ದು ನಾಳೆ ಕೆಲಸ ಮಾಡುವುದಿಲ್ಲ.

ಹೂ ಬಿಟ್ಟಾಗ ಹೊಡೆಯುವುದಿಲ್ಲ. ಕಾಯಿ ದಪ್ಪವಾದ ಮೇಲೂ ಹೊಡೆಯುವುದಿಲ್ಲ. ನೀಲಿ ಕಲೆ ಉಳಿದರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ಇನ್ನೊಂದು ಮಾತು. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಹಾಗಾಗಿ ‘ಸುಣ್ಣ, ತುತ್ತ ತಾನೇ’ ಅಂತ ವಾರ ವಾರ ಹೊಡೆಯುವುದೂ ತಪ್ಪು.

ನಮ್ಮ ಕಡೆ ಬೂಜಿಗೆ ಕಷ್ಟದ ಕಾಲ ಎಂದರೆ ಸೆಪ್ಟೆಂಬರ್‌ನಿಂದ ಡಿಸೆಂಬರ್. ಮೊದಲು ಮಳೆ, ಆಮೇಲೆ ಮಂಜು. ದೇವನಹಳ್ಳಿಯಲ್ಲಿ ವಿಮಾನ ಮಂಜಿಗೆ ತಡವಾಯಿತು ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಓದಿದ ದಿನ ನಾನು ಎಲೆ ತಿರುಗಿಸಿ ನೋಡುತ್ತೇನೆ. ವಿಮಾನಕ್ಕೆ ತೊಂದರೆ ಕೊಟ್ಟ ಮಂಜು ಬಳ್ಳಿಗೂ ಕೊಡುತ್ತದೆ.

ಔಷಧಿಗಿಂತ ಮೊದಲು ಗಾಳಿ. ಚಪ್ಪರದ ಕೆಳಗೆ ನಿಂತು ತಲೆ ಎತ್ತಿದರೆ ಅಲ್ಲಲ್ಲಿ ಆಕಾಶ ಕಾಣಬೇಕು. ಹೆಚ್ಚಿನ ಚಿಗುರು ಮುರಿದು, ನೆಲಕ್ಕೆ ಜೋತ ಬಳ್ಳಿ ಎತ್ತಿ ಕಟ್ಟಿದರೆ ಎಲೆ ಬೇಗ ಆರುತ್ತದೆ. ಬಿದ್ದ ರೋಗದ ಎಲೆ ಗುಡಿಸಿ ಹೊರಗೆ ಹಾಕುವುದೂ ಮದ್ದೇ. ಹೀರೆ, ಸೌತೆಗೆ ಸಂಜೆ ಹೊತ್ತು ಎಲೆ ಮೇಲೆ ನೀರು ಹಾಯಿಸಬೇಡಿ.

ಬೆಂಗಳೂರು ನೀಲಿ ಮಾತ್ರ ಆ ವರ್ಷವೂ ನನ್ನ ಕೈಬಿಡಲಿಲ್ಲ. ಅದರ ಮೂಲ ಅಮೆರಿಕದ ದ್ರಾಕ್ಷಿ ಜಾತಿ. ರೋಗದ ಮೂಲವೂ ಅಲ್ಲಿಯದೇ. ಹಳೇ ಪರಿಚಯ, ತಡೆದುಕೊಳ್ಳುವ ಶಕ್ತಿ ಇದೆ. ದಪ್ಪ ಸಿಪ್ಪೆಯ, ಗಮ್ಮೆನ್ನುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ದಿಲ್‌ಖುಷ್‌ಗೆ ಬೆಲೆ ಜಾಸ್ತಿ, ಆದರೆ ರೋಗಕ್ಕೆ ಅದು ಬಾಗಿಲು ತೆಗೆದಿಟ್ಟ ಮನೆ. ಹೊಸದಾಗಿ ಹಾಕುವವರು ಈ ಲೆಕ್ಕವನ್ನೂ ಹಿಡಿಯಬೇಕು.

ಬೂದಿಗೆ ಗಂಧಕ, ಹಾಲು

ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ. ಬೂದಿಯ ಮೊದಲ ಚುಕ್ಕೆ ಕಂಡಾಗಲೇ ಹೊಡೆದರೆ ನಿಲ್ಲುತ್ತದೆ. ಎರಡು ಎಚ್ಚರಿಕೆ. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆಯಬೇಡಿ, ಎಲೆ ಸುಡುತ್ತದೆ. ಬೇವಿನೆಣ್ಣೆಯಂಥ ಎಣ್ಣೆ ಹೊಡೆದು ಎರಡು ಮೂರು ವಾರ ಆಗುವವರೆಗೆ ಗಂಧಕ ಬೇಡ, ಆಗಲೂ ಸುಡುತ್ತದೆ. ಸೌತೆ, ಕುಂಬಳ ಜಾತಿಯ ಕೆಲವು ಬಳ್ಳಿಗಳಿಗೆ ಗಂಧಕವೇ ಆಗುವುದಿಲ್ಲ. ಮೊದಲು ಎರಡು ಗಿಡಕ್ಕೆ ಹೊಡೆದು, ಮೂರು ದಿನ ಕಾದು ನೋಡಿ.

ಅಂಥ ಬಳ್ಳಿಗಳಿಗೆ ಹಾಲು ಇದೆ. ನಗಬೇಡಿ. ಬ್ರೆಜಿಲ್ ದೇಶದ ಬೆಟಿಯೋಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕುಂಬಳ ಜಾತಿಯ ಬಳ್ಳಿಗೆ ಹಸುವಿನ ಹಾಲನ್ನು ನೀರಿಗೆ ಬೆರೆಸಿ ಹೊಡೆದು, ಬೂದಿ ರೋಗ ತಗ್ಗುವುದನ್ನು 1999ರಲ್ಲಿ ಪ್ರಕಟಿಸಿದ್ದಾರೆ. ನಾನು ಒಂದು ಲೀಟರ್ ಹಾಲಿಗೆ ಒಂಬತ್ತು ಲೀಟರ್ ನೀರು ಸೇರಿಸಿ, ಬಿಸಿಲಿರುವ ದಿನ ಬೆಳಿಗ್ಗೆ ವಾರಕ್ಕೊಮ್ಮೆ ಸೌತೆಗೆ ಹೊಡೆಯುತ್ತೇನೆ. ಶುರುವಿನಲ್ಲೇ ಹೊಡೆದರೆ ಹಿಡಿತಕ್ಕೆ ಬರುತ್ತದೆ. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಹೊಡೆದರೆ ಹಾಲು ದಂಡ. ಹತ್ತು ಗುಂಟೆಯ ತರಕಾರಿಗೆ ಇದು ಸರಿ. ಎಕರೆಗಟ್ಟಲೆ ಇರುವವರಿಗೆ ದುಬಾರಿ.

ನನ್ನ ಎರಡನೇ ತಪ್ಪು

ಈಗ ಹಿಟ್ಟು ತಿಗಣೆ. ದ್ರಾಕ್ಷಿಗೆ ಇದು ಬೇಸಿಗೆಯ ಕಾಟ. ಜನವರಿಯಿಂದ ಏರುತ್ತಾ ಹೋಗಿ ಹಣ್ಣು ಮಾಗುವ ಹೊತ್ತಿಗೆ ಗೊಂಚಲಿನ ಒಳಗೆ ಕೂರುತ್ತದೆ. ಗೊಂಚಲು ಅಂಟಂಟಾಗಿ, ಕಪ್ಪಾಗಿ, ಕೊಂಡುಕೊಳ್ಳುವವರಿಲ್ಲದೆ ಹೋಗುತ್ತದೆ.

ಒಂದು ಮಾರ್ಚಿಯಲ್ಲಿ ಬಳ್ಳಿ ತುಂಬಾ ತಿಗಣೆ. ಅವುಗಳ ನಡುವೆ ಇನ್ನೂ ದಪ್ಪನೆಯವು, ಉದ್ದುದ್ದ ಬಿಳಿ ಉಣ್ಣೆ ಹೊದ್ದವು ಓಡಾಡುತ್ತಿದ್ದವು. ‘ಇವೇ ತಾಯಿ ತಿಗಣೆ, ಇವನ್ನು ಮುಗಿಸಿದರೆ ಸಂತಾನ ನಿಲ್ಲುತ್ತೆ’ ಅಂತ ನಾನೇ ತೀರ್ಮಾನ ಮಾಡಿದೆ. ನಾನು, ಮನೆಯವಳು, ಆಳು ಮೂವರೂ ಎರಡು ದಿನ ಕೂತು ಅವನ್ನು ಹುಡುಕಿ ಹುಡುಕಿ ಹೊಸಕಿದೆವು. ತಿಗಣೆ ಕಮ್ಮಿಯಾಗಲಿಲ್ಲ, ದುಪ್ಪಟ್ಟಾಯಿತು.

ಒಂದು ಬಾಟಲಿಯಲ್ಲಿ ನಾಲ್ಕು ಹುಳ ಹಾಕಿಕೊಂಡು ಜಿ.ಕೆ.ವಿ.ಕೆ. ಕೃಷಿ ಮೇಳಕ್ಕೆ ಹೋದೆ. ಕೀಟದ ಮಳಿಗೆಯಲ್ಲಿದ್ದವರು ನೋಡಿ ನಕ್ಕರು. ‘ಇದು ತಿಗಣೆ ಅಲ್ಲ ಯಜಮಾನ್ರೇ, ತಿಗಣೆ ತಿನ್ನೋದು. ಗುಲಗಂಜಿ ಹುಳದ ಮರಿ’ ಅಂದರು. ನನಗೆ ನಿಂತ ನೆಲ ಕುಸಿದ ಹಾಗಾಯಿತು. ಎರಡು ದಿನ ಕೂಲಿ ಕೊಟ್ಟು ನನ್ನ ಆಳುಗಳನ್ನೇ ನಾನು ಕೊಂದಿದ್ದೆ.

ಇದರ ಹೆಸರು ಕ್ರಿಪ್ಟೋಲೀಮಸ್. ಆಸ್ಟ್ರೇಲಿಯಾ ಮೂಲದ್ದು. 1898ರಲ್ಲಿ ನಮ್ಮ ದೇಶಕ್ಕೆ ತಂದದ್ದು, ದಕ್ಷಿಣದಲ್ಲಿ ನೆಲೆ ನಿಂತಿದೆ. ದೊಡ್ಡ ಹುಳ ಕಪ್ಪು, ತಲೆ ಮತ್ತು ಹಿಂತುದಿ ಕಿತ್ತಳೆ ಬಣ್ಣ. ಮರಿ ಮಾತ್ರ ವೇಷ ಹಾಕಿಕೊಂಡಿರುತ್ತದೆ. ತಿಗಣೆಯ ಹಾಗೇ ಬಿಳಿ ಮೇಣ.

ವ್ಯತ್ಯಾಸ ತಿಳಿಯುವುದು ಹೀಗೆ. ತಿಗಣೆ ಮೂರು ನಾಲ್ಕು ಮಿಲಿಮೀಟರ್, ಮುಟ್ಟಿದರೂ ಕದಲುವುದು ನಿಧಾನ. ಗುಲಗಂಜಿ ಮರಿ ಅದರ ಮೂರು ಪಟ್ಟು ದೊಡ್ಡದಾಗುತ್ತದೆ, ಮೈಮೇಲಿನ ಮೇಣ ಉದ್ದನೆ ಎಳೆಗಳಾಗಿ ಜೋತಿರುತ್ತದೆ, ಕಡ್ಡಿ ತಾಗಿಸಿದರೆ ಸರಸರ ನಡೆಯುತ್ತದೆ. ಅನುಮಾನ ಬಂದರೆ ಕೊಲ್ಲಬೇಡಿ. ಒಂದು ಡಬ್ಬಿಯಲ್ಲಿ ತಿಗಣೆ ಜೊತೆ ಹಾಕಿ ರಾತ್ರಿ ಇಡಿ. ಬೆಳಿಗ್ಗೆ ತಿಗಣೆ ಕಮ್ಮಿಯಾಗಿದ್ದರೆ ಅದು ನಿಮ್ಮ ಕಡೆಯದು.

ತಿಗಣೆಗೆ ನಾನು ಈಗ ಮಾಡುವುದು

ಸವರಿದ ಮೇಲೆ ಕಾಂಡದ ಸಡಿಲ ತೊಗಟೆ ಕೈಯಿಂದ ಸುಲಿದು ಸುಡುತ್ತೇನೆ. ಮರಿಗಳು ಅಡಗುವುದು ಅಲ್ಲಿ.

ಇರುವೆ ತಡೆಯುತ್ತೇನೆ. ಇರುವೆ ಸಿಹಿ ಅಂಟಿಗಾಗಿ ತಿಗಣೆಯನ್ನು ಸಾಕುತ್ತದೆ, ಬಂದ ಶತ್ರುವನ್ನು ಓಡಿಸುತ್ತದೆ. ಕಾಂಡಕ್ಕೂ ಚಪ್ಪರದ ಕಂಬಕ್ಕೂ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿದರೆ ಇರುವೆ ಹತ್ತುವುದಿಲ್ಲ. ಕಂಬ ಮರೆತರೆ ಪಟ್ಟಿ ಕಟ್ಟಿದ್ದೂ ವ್ಯರ್ಥ.

ತಿಗಣೆ ಮರಿ ಇರುವಾಗಲೇ ಸೋಪಿನ ನೀರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಸೋಪು, ಹೊಂಗೆ ಸೋಪು ಮಾಡಿದ್ದಾರೆ. ಪೊಟ್ಟಣದ ಮೇಲಿನ ಅಳತೆಯಂತೆ ಕರಗಿಸಿ, ಸಂದಿ ಸಂದಿ ನೆನೆಯುವ ಹಾಗೆ ಹೊಡೆಯಬೇಕು. ದೊಡ್ಡ ತಿಗಣೆಯ ಮೇಣದ ಮೇಲೆ ಬರೀ ನೀರಿನ ಮದ್ದು ಜಾರಿ ಹೋಗುತ್ತದೆ. ಎಷ್ಟೇ ವಿಷ ಹಾಕಿದರೂ ತಿಗಣೆ ಸಾಯದೆ ಅದರ ಶತ್ರು ಸಾಯುವುದು ಇದರಿಂದಲೇ.

ಆಮೇಲೂ ಉಳಿದರೆ ಗುಲಗಂಜಿ ಹುಳ ಬಿಡುವುದು. ಬಳ್ಳಿಗೆ ಹತ್ತು ಹುಳ ಸಾಮಾನ್ಯ ಶಿಫಾರಸು. ಬಿಡುವ ಮೊದಲೂ ಬಿಟ್ಟ ಮೇಲೂ ಕೆಲವು ವಾರ ಕೀಟನಾಶಕ ಬೇಡ. ಸಂಜೆ ತಂಪಿನಲ್ಲಿ, ತಿಗಣೆ ಇರುವ ಬಳ್ಳಿಗೇ ಬಿಡಿ. ತಿಗಣೆ ಇಲ್ಲದ ಕಡೆ ಬಿಟ್ಟರೆ ಹಾರಿ ಹೋಗುತ್ತದೆ. ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು ಬೇಕು. ಕಟಾವಿಗೆ ಹದಿನೈದು ದಿನ ಇರುವಾಗ ಬಿಟ್ಟು ಫಲ ಕೇಳಬೇಡಿ.

ಪಪ್ಪಾಯ ಹೇಳಿದ ಪಾಠ

2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಕ್ಕೆ ಹೊಸ ಹಿಟ್ಟು ತಿಗಣೆ ಕಂಡಿತು. ಮೂಲ ಮೆಕ್ಸಿಕೋ ಕಡೆಯದು. ಬೇಗ ಕರ್ನಾಟಕಕ್ಕೂ ಬಂತು. ಪಪ್ಪಾಯ, ಹಿಪ್ಪುನೇರಳೆ, ದಾಸವಾಳ, ಕೊನೆಗೆ ಪಾರ್ಥೇನಿಯಂ ಕಳೆಯ ಮೇಲೂ ಬಿಳಿ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿಗೆ ವಿಷ ಹೊಡೆಯುವ ಹಾಗಿಲ್ಲ. ರೈತರು ಗಿಡ ಕಡಿದು ಸುಟ್ಟರು.

ಅದಕ್ಕೆ ದಾರಿ ತೋರಿಸಿದ್ದು ನಮ್ಮ ಹೆಬ್ಬಾಳದ ಬಳ್ಳಾರಿ ರಸ್ತೆಯ ಕೀಟ ಸಂಸ್ಥೆ. ಈಗ ಅದರ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. 2010ರಲ್ಲಿ ಅವರು ಪೋರ್ಟೊರಿಕೋದಿಂದ ಮೂರು ಜಾತಿ ಸಣ್ಣ ಕಣಜ ತರಿಸಿ, ಸಾಕಿ, ಬಿಡಿಸಿದರು. ಅದರಲ್ಲಿ ಅಸಿರೋಫೇಗಸ್ ಎಂಬುದು ಚೆನ್ನಾಗಿ ಹಿಡಿಯಿತು. ಇದು ಸೊಳ್ಳೆಗಿಂತಲೂ ಬಹಳ ಸಣ್ಣದು, ನಮ್ಮನ್ನು ಕಚ್ಚುವುದಿಲ್ಲ. ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗೇ ತಿಂದು, ತೂತು ಮಾಡಿ ಹೊರಬರುತ್ತದೆ. ಕೆಲವೇ ತಿಂಗಳಲ್ಲಿ ತಿಗಣೆಯ ಸೊಕ್ಕು ಅಡಗಿತು.

ಈಗಲೂ ನನ್ನ ಪಪ್ಪಾಯಕ್ಕೆ ಆಗೊಮ್ಮೆ ಈಗೊಮ್ಮೆ ತಿಗಣೆ ಬರುತ್ತದೆ. ಮೊದಲು ಭೂತಗನ್ನಡಿ ಹಿಡಿಯುತ್ತೇನೆ. ಕೆಲವು ತಿಗಣೆ ಊದಿ, ಕಂದಾಗಿ, ಒಣ ಡಬ್ಬಿಯ ಹಾಗೆ ಗಟ್ಟಿಯಾಗಿದ್ದು, ತುದಿಯಲ್ಲಿ ದುಂಡು ತೂತಿದ್ದರೆ ಕಣಜ ಬಂದಿದೆ ಅಂತ ಲೆಕ್ಕ. ಆಗ ಪಂಪು ಕೆಳಗಿಡುತ್ತೇನೆ. ಆ ಎಲೆಯನ್ನು ಸುಡುವುದಿಲ್ಲ, ಕಣಜ ಇಲ್ಲದ ಗಿಡಕ್ಕೆ ಸಿಕ್ಕಿಸುತ್ತೇನೆ. ಇದಕ್ಕೆ ಖರ್ಚು ಸೊನ್ನೆ.

ಪಕ್ಕದ ಮನೆ ಕಿಟಕಿ

ಕೊನೆಯದಾಗಿ, ಪೇಟೆ ಅಂಚಿನ ನಮ್ಮಂಥವರಿಗೆ ಒಂದು ಮಾತು. ನನ್ನ ಬೇಲಿಯಿಂದ ಮೂವತ್ತು ಅಡಿಗೆ ಮನೆಯ ಕಿಟಕಿ. ಅಲ್ಲಿ ಮಕ್ಕಳಿದ್ದಾರೆ. ಗಾಳಿ ಬೀಸುವಾಗ ನಾನು ಹೊಡೆದದ್ದು ಅವರ ಮೂಗಿಗೂ ಹೋಗುತ್ತದೆ. ಗಾಳಿ ನಿಂತ ಮುಂಜಾನೆ ಹೊಡೆಯುತ್ತೇನೆ, ಹಿಂದಿನ ದಿನ ಹೇಳಿ ಹೊಡೆಯುತ್ತೇನೆ. ಬೋರ್ಡೋ ಆದರೂ ಕಣ್ಣಿಗೆ, ಮೂಗಿಗೆ ಬಟ್ಟೆ ಬೇಕು.

ತಿಗಣೆಗೆ ಹಿಂದೆ ಎಲ್ಲರೂ ಹೇಳುತ್ತಿದ್ದ ಡೈಕ್ಲೋರ್ವಾಸ್ ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೇ ಕರಪತ್ರ ನೋಡಿ ಕೇಳಬೇಡಿ, ಯಾರಾದರೂ ಹಳೇ ಬಾಟಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಯಾವ ಮದ್ದಾದರೂ ಚೀಟಿಯ ಮೇಲೆ ಕಟಾವಿಗೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. ಆ ದಿನ ಎಣಿಸಿ. ದ್ರಾಕ್ಷಿಯನ್ನು ಸಿಪ್ಪೆ ಸುಲಿದು ತಿನ್ನುವ ಮಕ್ಕಳನ್ನು ನಾನು ನೋಡಿಲ್ಲ.

ದಿಲ್‌ಖುಷ್ ಕಳೆದುಕೊಂಡ ವರ್ಷ ಎಲೆ ತಿರುಗಿಸಿ ನೋಡಲು ಬೇಕಿದ್ದದ್ದು ಅರ್ಧ ನಿಮಿಷ. ಅದನ್ನು ಉಳಿಸಲು ಹೋಗಿ ಬೆಳೆ ಹೋಯಿತು. ಈಗ ಅಂಗಡಿಗೆ ಹೋಗುವಾಗ ಎಲೆ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ. ‘ಬಿಳಿ ಬಂದಿದೆ’ ಎಂದು ಮಾತ್ರ ಹೇಳುವುದಿಲ್ಲ.